ಮೂರು ಸಲ ಕೂಗಿತು

ಸಂಜಿ ಏಳಕ್ಕ ಗುಂಡಿ ಒತ್ತಿದೆ.
ಫ್ಯಾನು ತಿರುಗಿತು, ಹಸರು ದೀಪ ಹತ್ತಿತು,
ಪರದೆ ಮಾತ್ರ ರೊಟ್ಟಿ ಹಂಚಿನ ಬೆನ್ನಿನಂಗ ಕರ್ರಗ.
ಒಳಗಿಂದ ಕೂಂ, ಕೂಂ, ಕೂಂ.
ಮತ್ತ ಸುಮ್ಮನ.

ನಾಳೆ ಒಂಬತ್ತಕ್ಕ ಹೆಬಸೂರವರ ಗೃಹಪ್ರವೇಶದ ಕಾರ್ಡು
ಛಾಪಖಾನಿಗೆ ಹೋಗಬೇಕು.
ಮುಹೂರ್ತ, ಊಟದ ಹೊತ್ತು,
ಸುಖಾಗಮನ ಬಯಸುವವರು ಇಪ್ಪತ್ತಾರು ಮಂದಿ,
ಒಂದು ಹೆಸರು ಬಿಟ್ಟರೂ ಜಲ್ಮಪೂರ್ತಿ ಮಾತಿಲ್ಲ.
ಎಲ್ಲಾ ಇದರ ಹೊಟ್ಟ್ಯಾಗ.

ಜಿಲಾನಿಗೆ ಫೋನ್ ಹಚ್ಚಿದೆ.
ಅಂವ ಹುಬ್ಬಳ್ಳಿ ಅಂಗಡಿ ಬಾಗಲಾ ಎಳದು
ಚಿಗರಿ ಬಸ್ಸು ಹತ್ತಿದ್ದ, ಧಾರವಾಡದ ಮನಿಗೆ.
"ಎಷ್ಟು ಸಲ ಕೂಗಿತ್ರಿ ಅಕ್ಕಾರ?"
"ಮೂರು."
"ಉದ್ದಕೋ, ಗಿಡ್ಡಕೋ?"

ಇಪ್ಪತ್ತು ವರ್ಷ ಟೈಪು ಮಾಡೀನಿ,
ಹ್ರಸ್ವ ದೀರ್ಘ ತಪ್ಪಿದಾಕಿ ಅಲ್ಲ.
ಕೂಗಿಗೂ ಮಾತ್ರೆ ಇರತೈತಿ ಅಂತ ಎಣಿಸಿರಲಿಲ್ಲ.
ಮತ್ತ ಒತ್ತಿ, ಫೋನು ಅದರ ಬಾಯಿಗೆ ಹಿಡದೆ,
ಕೂಸಿನ ಅಳು ಡಾಕ್ಟರಿಗೆ ಕೇಳಿಸಿದಂಗ.
ಆ ಕಡೆ ಬಸ್ಸಿನಾಕಿ ಅಂದಳು: ಮುಂದಿನ ನಿಲ್ದಾಣ, ಉಣಕಲ್.
"ಉದ್ದ ಅದಾವ್ರಿ. ಮೆಮರಿ ಅದು. ನೆನಪು ಜಾಗಾ ಬಿಟ್ಟೈತಿ."

ವಾಯರು ಕಿತ್ತೆ. ಬ್ಯಾಟರಿ ಕಳಚಿದೆ.
ಗುಂಡಿ ಒತ್ತಿ ಹಿಡದು ಮೂವತ್ತು ಎಣಿಸು ಅಂದ, ಎಣಿಸಿದೆ.
"ಇನ್ನೂ ಒಳಗ ಉಳದ ಕರೆಂಟು ಇರತೈತ್ರಿ, ಅದು ಇಳೀಬೇಕು,
ಸಿಟ್ಟಿನಂಗ."
ಹೊಲಿಗಿ ಮಷೀನಿನ ಸ್ಕ್ರೂಡ್ರೈವರ್ ತಂದು ಬೋರಲು ಹಾಕಿದೆ.
ಎರಡು ಸ್ಕ್ರೂದಾಗ ಒಂದು ಮೊದಲಿಂದಾನೂ ಇಲ್ಲ.
ಮುಚ್ಚಳದ ಕೆಳಗ ಧೂಳಿನ ಹತ್ತಿ, ನನ್ನದೊಂದು ಉದ್ದ ಕೂದಲ,
ಆವಾಗ ಕರೇದು,
ಯಾವ ಕಾಲದ ಗಿರ್ಮಿಟ್ಟಿಂದೋ ಒಂದು ಚುರುಮುರಿ.

"ನಿಮ್ಮ ನವನಗರ ಬಂತ್ರಿ. ಇಳದು ಬರಲ್ಯಾ?"
ಹಿಂದಿನ ಎರಡು ಸಲ ರೊಕ್ಕ ತಗೊಂಡಿಲ್ಲ ಅಂವ.
"ಬ್ಯಾಡಪಾ, ಹೇಳಕೋತ ಹೋಗು" ಅಂದೆ.
ಕಿಡಕಿಯಿಂದ ನೋಡಿದೆ: ದೀಪದ ಬಸ್ಸೊಂದು
ಅವನ ದನಿ ನನ್ನ ಕಿವ್ಯಾಗ ಬಿಟ್ಟು ದಾಟಿ ಹೋತು.

"ಮಗಳ ರಬ್ಬರ ಐತೇನ್ರಿ? ಪೆನ್ಸಿಲ್ ಅಳಸೂದು?
ಆ ಪಟ್ಟಿ ತಗೀರಿ. ಬಂಗಾರದ ಹಲ್ಲ ಕಾಣತಾವಲ್ರಿ,
ಮೆಲ್ಲಕ ತಿಕ್ಕರಿ."
"ಅಳಸಿದರ ನೆನಪು ಹೋಗೂದಿಲ್ಲೇನೋ?"
ನಕ್ಕ. "ನೆನಪು ಎಲ್ಲಿ ಹೋಗತೈತ್ರಿ ಅಕ್ಕಾರ, ಅದರ ಮ್ಯಾಲಿನ ಕಿಲ..."
ಸತ್ತೂರಿನ ಹತ್ರ ಲೈನು ಹೋತು.
ತಿರುಗಿ ಹಚ್ಚಿದರ, ಸ್ವಿಚ್ ಆಫ್.

ಅನ್ವಿತಾ ಮಲಗಿದ್ದಳು. ಕಂಪಾಸ ಬಾಕ್ಸಿನಿಂದ
ಸ್ಟ್ರಾಬೆರಿ ವಾಸನಿಯ ರಬ್ಬರ ಕದ್ದೆ.
ತಿಕ್ಕಿದೆ. ಈ ಕಡೆ, ಆ ಕಡೆ.
ಗಲ್ಲಕ್ಕ ಹತ್ತಿದ ಅನ್ನ ಒರಸಿದಂಗ.
ವಾರೆ ಇಟ್ಟು ಒತ್ತಿದೆ: ಟಕ್ಕ.
ಕೂಡ್ರತಲ್ಲ, ಆ ಸಪ್ಪಳ ನನ್ನ ಹಲ್ಲಿಗೆ ಕೇಳಿತು.

ಒಂದೇ ಸಲ ಕೂಗಿತು. ಗಿಡ್ಡಕ.

ಪರದೆ ಬೆಳ್ಳಗಾಗಿ ತಾರೀಕು ತೋರಿಸಿತು:
ಜನವರಿ ಒಂದು, ಎರಡು ಸಾವಿರದ ಒಂಬತ್ತು, ನಡುರಾತ್ರಿ.
ಅದರ ಲೆಕ್ಕದಾಗ ನನ್ನ ಮಗಳು ಹುಟ್ಟಿಲ್ಲ,
ಚಿಗರಿ ಓಡಿಲ್ಲ,
ಹೆಬಸೂರವರ ಪ್ಲಾಟಿನಾಗ ಇನ್ನೂ ಜಾಲಿಕಂಟಿ.
ಗಳಿಗಿ ಹೊತ್ತು ಹಂಗ ಬಿಟ್ಟೆ.
ಆಮ್ಯಾಲೆ ಬಾಣದ ಗುಂಡಿ ಒತ್ತಿ
ಒಂದೊಂದ ವರ್ಷ ಏರಿಸಿದೆ, ಹದಿನೇಳು ಸಲ.

ಕಾರ್ಡು ತೆರದೆ. ಹೆಸರು ಎಣಿಸಿದೆ. ಇಪ್ಪತ್ತೈದು.
ಕೈಬರಹದ ಚೀಟಿ ಹುಡುಕಿದೆ: ತುದಿಗೆ, ಮಡಿಕ್ಯಾಗ,
ಸೋದರತ್ತಿ ಗಂಗವ್ವ.
ನಿನ್ನೆ ನಾನ ಬಿಟ್ಟಿದ್ದೆ. ಮಷೀನು ಅಲ್ಲ.
ಕೂಡಿಸಿದೆ.

ಜಿಲಾನಿಗೆ ನಾಳೆ ಹೇಳಬೇಕು.
ರಬ್ಬರ ತಿರುಗಿ ಬಾಕ್ಸಿನಾಗ ಇಟ್ಟೀನಿ,
ಒಂದು ಮೂಲಿ ಕರ್ರಗಾಗೈತಿ.
ಮುಂಜಾನಿ ಕೇಳೇ ಕೇಳತಾಳ:
ಅವ್ವಾ, ಇದರಿಂದ ಏನು ಅಳಸೀದಿ?